ಬಿಡಿಸುವವರಿದ್ದಾರೆ, ಬರುವವರಿಲ್ಲ

ಮಸ್ಕತ್ತಿನ ಹಳೆಯ ಬಂದರು ಮತ್ರಾದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಸೂಕ್ ಮಾರುಕಟ್ಟೆಯ ಅಂಗಡಿಗಳ ಶಟರ್‌ಗಳು ಒಂದೊಂದಾಗಿ ಇಳಿಯುತ್ತವೆ. ಲೋಬಾನ, ಬೆಳ್ಳಿ, ಹಲ್ವಾ, ಶಾಲು ಮಾರಿ ದಣಿದ ಹುಡುಗರು ರಸ್ತೆ ದಾಟಿ ಕಡಲಬದಿಯ ಕಾರ್ನಿಶ್‌ನ ಕಟ್ಟೆಗೆ ಬಂದು ಕೂರುತ್ತಾರೆ. ಕೇರಳದವರು, ಗುಜರಾತಿನವರು, ಬಾಂಗ್ಲಾದವರು. ಅವರ ನಡುವೆ ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನ ಕಡೆಯವರು. ಊರಿಗೆ ಫೋನು ಹಚ್ಚುವುದು, ಸಿಗರೇಟು ಹಚ್ಚುವುದು ಎರಡೂ ಅಲ್ಲಿ ಒಟ್ಟೊಟ್ಟಿಗೇ ನಡೆಯುತ್ತವೆ.

ಹೊಗೆಯ ವಿಷಯದಲ್ಲಿ ಒಮಾನ್ ಸರ್ಕಾರ ಸಡಿಲವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅದು 2005ರಲ್ಲೇ ಅನುಮೋದಿಸಿತು. 2010ರಲ್ಲಿ ಮಸ್ಕತ್ ನಗರಪಾಲಿಕೆ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧಿಸಿತು. 2019ರ ಜೂನ್ 15ರಿಂದ ತಂಬಾಕಿನ ಮೇಲೆ ಶೇ 100ರಷ್ಟು ಅಬಕಾರಿ ತೆರಿಗೆ ಬಿತ್ತು. ಇ-ಸಿಗರೇಟು, ಇ-ಹುಕ್ಕಾ ಮಾರಿದರೆ ಸಾವಿರ ರಿಯಾಲ್‌ವರೆಗೆ ದಂಡ. ಸಿಗರೇಟು ಬಿಡಬೇಕೆಂದು ಯಾರಾದರೂ ಮನಸ್ಸು ಮಾಡಿದರೆ ರಾಜ್ಯ ಅವನ ಪರವಾಗಿಯೇ ಇದೆ ಎನ್ನಬಹುದು.

ಆದರೆ ಆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ ಗಂಡಸರನ್ನೇ ಮೋಹಿಸುವ ಗಂಡಸಾಗಿದ್ದರೆ? 2018ರ ಒಮಾನ್ ದಂಡಸಂಹಿತೆಯ 261ನೇ ವಿಧಿ ಸಲಿಂಗ ಸಂಬಂಧಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಹೇಳುತ್ತದೆ. ಹೆಣ್ಣಿನ ಉಡುಗೆ ತೊಟ್ಟ ಗಂಡಸಿಗೆ 266ನೇ ವಿಧಿಯಲ್ಲಿ ಬೇರೆ ಶಿಕ್ಷೆ. ವಲಸೆ ಬಂದವನ ವಾಸಪರವಾನಗಿ ರಕ್ತಪರೀಕ್ಷೆಯ ಮೇಲೆ ನಿಂತಿದೆ. ಎಚ್‌ಐವಿ ಇದೆಯೆಂದು ಗೊತ್ತಾದರೆ ಮನೆಯ ದಾರಿ ಹಿಡಿಯಬೇಕು. ಇಂಥವನಿಗೆ ವೈದ್ಯರ ಮೇಜೆಂದರೆ ಪರೀಕ್ಷೆಯ ಮೇಜು, ಸಲಹೆಯ ಮೇಜಲ್ಲ. ಎದೆ ಹಿಡಿದುಕೊಂಡು ಕೆಮ್ಮಿದರೂ ಅವನು ಅಲ್ಲಿಗೆ ಹೋಗುವುದು ವೀಸಾ ನವೀಕರಣಕ್ಕೆ ಮಾತ್ರ. ‘ಎಲ್‌ಜಿಬಿಟಿ ಸಮುದಾಯದವರಿಗಾಗಿ ಧೂಮಪಾನ ಬಿಡಿಸುವ ಕೇಂದ್ರ’ ಎಂಬ ಫಲಕ ಮತ್ರಾದಲ್ಲಿ ನೇತಾಡುವ ಪ್ರಶ್ನೆಯೇ ಇಲ್ಲ.

ಅದು ಕಾನೂನಿನ ಭಯ, ಸರಿ. ಕುತೂಹಲದ ಸಂಗತಿ ಏನೆಂದರೆ ಕಾನೂನಿನ ಭಯ ಕಳೆದ ಊರುಗಳಲ್ಲೂ ಈ ಸಮುದಾಯದವರು ಚಟ ಬಿಡಿಸುವವರ ಬಾಗಿಲಿಗೆ ಸುಲಭವಾಗಿ ಬರುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡದಲ್ಲೇ ಮಾತಾಡಿಸುವ ಪುಕ್ಕಟೆ ಸಹಾಯವಾಣಿ ಇದೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಕೊಂಡಿ ಕಳಚಿಯೂ ಆಯಿತು. ಆದರೂ ಹಿಜ್ರಾಗಳು ನಡೆಸುವ ಸ್ನಾನದ ಮನೆ ಹಮಾಮಿನಲ್ಲಿ ಬೀಡಿ ಹಚ್ಚುವ ಟ್ರಾನ್ಸ್ ಹೆಣ್ಣುಮಗಳಿಗೂ ಸಹಾಯವಾಣಿಯ ಫೋನಿಗೂ ನಡುವೆ ಹತ್ತು ಗೋಡೆಗಳಿವೆ. ಈ ಗೋಡೆಗಳು ಯಾವುವು, ಎಲ್ಲಿ ಯಾರು ಅವನ್ನು ಒಡೆದರು ಎಂದು ನೋಡುವುದು ಈ ಲೇಖನದ ಕೆಲಸ.

ಮೊದಲು, ಇದು ಇವರದೇ ಪ್ರತ್ಯೇಕ ಸಮಸ್ಯೆ ಏಕೆ? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2020ರ ಲೆಕ್ಕದಂತೆ ಅಲ್ಲಿನ ಸಲಿಂಗಾಕರ್ಷಿತ ಹಾಗೂ ದ್ವಿಲಿಂಗಾಕರ್ಷಿತ ವಯಸ್ಕರಲ್ಲಿ ಶೇ 16.1 ಮಂದಿ ಸಿಗರೇಟು ಸೇದುತ್ತಿದ್ದರು. ಉಳಿದವರಲ್ಲಿ ಶೇ 12.3. ಈ ಅಂತರ ದಶಕಗಳಿಂದ ಇದೆ, ಇತ್ತೀಚೆಗೆ ಕೊಂಚ ಕಿರಿದಾಗಿದೆ ಅಷ್ಟೆ. ಇಲಾನ್ ಮೇಯರ್ ಎಂಬ ಸಂಶೋಧಕ 2003ರಲ್ಲಿ ವಿಸ್ತರಿಸಿ ಬರೆದ ವಾದವೊಂದು ಈಗ ಎಲ್ಲರ ಬಾಯಲ್ಲಿದೆ: ದಿನ ಬೆಳಗಾದರೆ ಅವಮಾನದ ನಿರೀಕ್ಷೆಯಲ್ಲಿ, ಗುಟ್ಟು ರಟ್ಟಾಗುವ ಅಂಜಿಕೆಯಲ್ಲಿ ಬದುಕುವುದೇ ಒಂದು ಒತ್ತಡ, ಆ ಒತ್ತಡ ಮೈಮನಸ್ಸನ್ನು ಸವೆಸುತ್ತದೆ. ನಿಕೋಟಿನ್ ಅಂಥ ಹೊತ್ತಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ತಲುಪಿ ಸಮಾಧಾನ ಕೊಟ್ಟಂತೆ ನಟಿಸುತ್ತದೆ. ಎರಡು ತಾಸಿನಲ್ಲಿ ರಕ್ತದೊಳಗಿನ ಅದರ ಅಂಶ ಅರ್ಧಕ್ಕೆ ಇಳಿಯುತ್ತದೆ, ಚಡಪಡಿಕೆ ಶುರುವಾಗುತ್ತದೆ. ಬದುಕಿನ ಒತ್ತಡ ಯಾವುದು, ನಿಕೋಟಿನ್ ಇಲ್ಲದ ಚಡಪಡಿಕೆ ಯಾವುದು ಎಂದು ಸೇದುವವನಿಗೇ ತಿಳಿಯದಂತಾಗುತ್ತದೆ.

ಇದರ ಜೊತೆಗೆ ಜಾಗದ ಪ್ರಶ್ನೆ. ಮನೆಯಲ್ಲಿ ಸಲ್ಲದವರು ಕೂಡುವುದಕ್ಕೆ ಉಳಿದಿದ್ದು ಬಾರು, ಪಾರ್ಕು, ಬಸ್‌ಸ್ಟ್ಯಾಂಡಿನ ಹಿಂಬದಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಾಗಲಿ ಸ್ಯಾನ್‌ಫ್ರಾನ್ಸಿಸ್ಕೋದ ಬಾರಿನಲ್ಲಾಗಲಿ ಅಪರಿಚಿತನ ಜೊತೆ ಮಾತು ತೆಗೆಯಲು ‘ಬೆಂಕಿಪೊಟ್ಟಣ ಇದೆಯಾ’ ಎಂಬುದಕ್ಕಿಂತ ಸಲೀಸಾದ ನೆಪ ಇನ್ನೊಂದಿಲ್ಲ. ಸಿಗರೇಟು ಅಲ್ಲಿ ಪರಿಚಯಪತ್ರ.

ಕಂಪನಿಗಳಿಗೆ ಇದು ಬೇಗ ಗೊತ್ತಾಯಿತು, ಆರೋಗ್ಯ ಇಲಾಖೆಗಳಿಗೆ ತಡವಾಗಿ. ಅಮೆರಿಕದ ಏಡ್ಸ್ ಹೋರಾಟಗಾರರ ಸಂಘಟನೆ ‘ಆ್ಯಕ್ಟ್ ಅಪ್’ 1990ರಲ್ಲಿ ಮಾರ್ಲ್‌ಬೊರೊ ಸಿಗರೇಟಿಗೆ ಬಹಿಷ್ಕಾರ ಹಾಕಿತು. ಕಾರಣ ಶ್ವಾಸಕೋಶವಲ್ಲ, ಸಲಿಂಗಿಗಳ ಕಡು ವಿರೋಧಿಯಾಗಿದ್ದ ಸೆನೆಟರ್ ಜೆಸ್ಸಿ ಹೆಲ್ಮ್ಸ್‌ಗೆ ಫಿಲಿಪ್ ಮಾರಿಸ್ ಕಂಪನಿ ಹಣ ಕೊಡುತ್ತಿತ್ತು ಎಂಬುದು. ಏಡ್ಸ್ ಕೆಲಸಕ್ಕೆ ದೇಣಿಗೆ ಹೆಚ್ಚಿಸುವುದಾಗಿ ಕಂಪನಿ ಮಾತು ಕೊಟ್ಟ ಮೇಲೆ ಬಹಿಷ್ಕಾರ ಮುಗಿಯಿತು. ಅಂದರೆ ಜಗಳ ಮುಗಿದದ್ದು ಕಂಪನಿಯ ದಾನದಿಂದ! 1992ರಲ್ಲಿ ಅದೇ ಕಂಪನಿ ಸಲಿಂಗಿ ಓದುಗರ ಪತ್ರಿಕೆಯಲ್ಲಿ ಸಿಗರೇಟು ಜಾಹೀರಾತು ಹಾಕಿ ಸುದ್ದಿ ಮಾಡಿತು. 1995ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ಸ್ಯಾನ್‌ಫ್ರಾನ್ಸಿಸ್ಕೋದ ಸಲಿಂಗಿಗಳನ್ನೂ ಬೀದಿಯಲ್ಲಿ ಮಲಗುವವರನ್ನೂ ಒಟ್ಟಿಗೆ ಗುರಿಯಾಗಿಸಿ ಮಾರಾಟದ ಯೋಜನೆಯೊಂದನ್ನು ಹೆಣೆಯಿತು. ಅದಕ್ಕೆ ಇಟ್ಟ ಗುಪ್ತನಾಮ ‘ಸ್ಕಮ್’, ಅಂದರೆ ಇಂಗ್ಲಿಷಿನಲ್ಲಿ ಕೊಳೆ, ಕೀಳುಜನ. ನ್ಯಾಯಾಲಯದ ಮೊಕದ್ದಮೆಗಳಿಂದ ಕಂಪನಿಗಳ ಕಡತಗಳು ಹೊರಬಿದ್ದಾಗ ಈ ಹೆಸರೂ ಹೊರಬಿತ್ತು. ಗಿರಾಕಿಯನ್ನು ಕರೆಯುವಾಗ ಒಂದು ಮುಖ, ಕಡತದಲ್ಲಿ ಬರೆದುಕೊಳ್ಳುವಾಗ ಇನ್ನೊಂದು.

ಕರ್ನಾಟಕಕ್ಕೆ ಬಂದರೆ ಲೆಕ್ಕವೇ ಬೇರೆ ದಾರಿ ಹಿಡಿಯುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ ಶೇ 28.2 ಇತ್ತು. ಸೇದುವವರು ಶೇ 8.8; ಅಗಿಯುವವರು, ಬಾಯಲ್ಲಿಡುವವರು ಅದರ ಹೆಚ್ಚುಕಮ್ಮಿ ಎರಡರಷ್ಟು, ಶೇ 16.3. ಆದ್ದರಿಂದ ಇಲ್ಲಿ ‘ಸಿಗರೇಟು ಬಿಡಿ’ ಎಂದಷ್ಟೇ ಹೇಳುವ ಪ್ರಚಾರ ಅರ್ಧ ಜನರನ್ನೂ ಮುಟ್ಟುವುದಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಾದೊಳಗಿನ ಜರ್ದಾ, 2013ರಲ್ಲಿ ನಿಷೇಧವಾದರೂ ಹೆಸರು ಬದಲಿಸಿಕೊಂಡು ಎರಡು ಪೊಟ್ಟಣದಲ್ಲಿ ಬರುವ ಗುಟ್ಕಾ, ಎಲ್ಲವೂ ಲೆಕ್ಕಕ್ಕೆ ಬರಬೇಕು. ಬೀಡಿಯಂತೂ ಕರಾವಳಿಯ ಮನೆಮನೆಯ ಜಗಲಿಯಲ್ಲಿ ಕಟ್ಟಿದ ಸರಕು. ಮಂಗಳೂರಿನ ಬೀಡಿ ಕಂಪನಿಗಳಿಗೆ ಎಲೆ ಸುತ್ತಿಕೊಟ್ಟ ಕೂಲಿಯಲ್ಲಿ ಬೆಳೆದ ಮಕ್ಕಳು ಎಷ್ಟೋ ಮಂದಿ ಗಲ್ಫಿನ ವಿಮಾನ ಹತ್ತಿದ್ದಾರೆ.

ಆ ತಂಬಾಕು ಸಮೀಕ್ಷೆಯ ಫಲಿತಾಂಶದ ಹಾಳೆಯಲ್ಲಿ ಖಾನೆಗಳು ಮೂರೇ: ಗಂಡಸರು, ಹೆಂಗಸರು, ಒಟ್ಟು. 2011ರ ಜನಗಣತಿ ಕರ್ನಾಟಕದಲ್ಲಿ ‘ಇತರೆ’ ಎಂದು ಗುರುತಿಸಿದ 20,266 ಮಂದಿ, ಅದಕ್ಕೂ ಹೆಚ್ಚಾಗಿ ಗುರುತಿಸಿಕೊಳ್ಳದೆ ಉಳಿದವರು, ಈ ಹಾಳೆಯಲ್ಲಿ ಎಲ್ಲಿ ಕರಗಿದರೋ. ಸಲಿಂಗಾಕರ್ಷಿತರ ಬಗ್ಗೆಯಂತೂ ಪ್ರಶ್ನೆಯೇ ಇಲ್ಲ. ದೇಶದಲ್ಲಿ ಈ ಬಗ್ಗೆ ಸಿಗುವುದು ಚೂರುಪಾರು ಅಧ್ಯಯನಗಳು. ಭೋಪಾಲದ ದಂತವೈದ್ಯರು ಹಿಜ್ರಾ ಸಮುದಾಯದ ಬಾಯಿ ತೆರೆಸಿ ನೋಡಿ ಬರೆದದ್ದು ಅಂಥ ಒಂದು. ಎಣಿಸದವರಿಗೆ ಯೋಜನೆ ಬರೆಯುವವರು ಯಾರು?

ಇನ್ನು ಸೇವೆಗಳ ಮಾತು. ಚಟ ಬಿಡಿಸುವ ಕೇಂದ್ರಗಳು ದೇಶದಲ್ಲಿ ಮೊದಲು ಶುರುವಾದದ್ದು 2002ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ. ಬೆಂಗಳೂರಿನ ನಿಮ್ಹಾನ್ಸ್ ಆ ಮೊದಲ ಸಾಲಿನಲ್ಲಿತ್ತು. 2016ರ ಮೇ ತಿಂಗಳಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಕ್ವಿಟ್‌ಲೈನ್ ಆರಂಭವಾಯಿತು. ಎರಡು ವರ್ಷದ ಮೇಲೆ ಅದು ಮುಂಬೈ, ಗುವಾಹಟಿ, ಬೆಂಗಳೂರಿಗೂ ಹರಡಿ, ನಿಮ್ಹಾನ್ಸ್‌ನಿಂದ ಕನ್ನಡ ಮತ್ತು ದಕ್ಷಿಣದ ಉಳಿದ ಭಾಷೆಗಳಲ್ಲಿ ಮಾತಾಡತೊಡಗಿತು. 2018ರ ಸೆಪ್ಟೆಂಬರ್‌ನಿಂದ ಪ್ರತಿ ಸಿಗರೇಟು ಪ್ಯಾಕಿನ ಮೇಲೆ ಅದರ ಸಂಖ್ಯೆ ಅಚ್ಚಾಗಿದೆ. ಕೊಂಡವನು ಆ ಕೊಳೆತ ಗಂಟಲಿನ ಚಿತ್ರ ನೋಡಲಾರದೆ ಪ್ಯಾಕನ್ನು ತಿರುಗಿಸಿ ಜೇಬಿಗಿಳಿಸುತ್ತಾನೆ. ಸಂಖ್ಯೆಯೂ ಒಳಗೆ ಹೋಗುತ್ತದೆ.

ಕರೆ ಮಾಡಿದರೆ ನಡೆಯುವುದು ಇಷ್ಟು. ಭಾಷೆ ಆರಿಸಿದ ಮೇಲೆ ಆಪ್ತಸಮಾಲೋಚಕರೊಬ್ಬರು ಸಿಗುತ್ತಾರೆ. ದಿನಕ್ಕೆ ಎಷ್ಟು, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ಯಾವಾಗ ತಡೆಯಲಾಗದು ಎಂದು ವಿಚಾರಿಸುತ್ತಾರೆ. ಬೆಳಿಗ್ಗೆ ಎದ್ದ ಐದು ನಿಮಿಷದಲ್ಲೇ ಬೀಡಿ ಬೇಕೆನ್ನುವವರ ಚಟ ಗಟ್ಟಿ ಎಂದು ಅವರಿಗೆ ಗೊತ್ತು. ಬಿಡುವ ತಾರೀಕೊಂದನ್ನು ಇಬ್ಬರೂ ಸೇರಿ ನಿಗದಿ ಮಾಡುತ್ತಾರೆ. ತಲುಬು ಬಂದಾಗ ಹೊತ್ತು ತಳ್ಳುವುದು, ದೀರ್ಘ ಉಸಿರು, ಒಂದು ಲೋಟ ನೀರು, ಕೈಗೆ ಬೇರೆ ಕೆಲಸ, ಈ ನಾಲ್ಕನ್ನು ಹೇಳಿಕೊಡುತ್ತಾರೆ. ಉಕ್ಕಿ ಬಂದ ಆಸೆ ಕೆಲವೇ ನಿಮಿಷ ತಡೆದರೆ ಇಳಿಯುತ್ತದೆ. ಆಮೇಲೆ ಅವರೇ ಮರಳಿ ಫೋನು ಮಾಡಿ ವಿಚಾರಿಸಿಕೊಳ್ಳುತ್ತಾರೆ. ಯಾರ ನೆರವೂ ಇಲ್ಲದೆ ಬಿಡಹೊರಟವರಲ್ಲಿ ಗೆಲ್ಲುವವರು ನೂರಕ್ಕೆ ನಾಲ್ಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಲಹೆ, ಔಷಧಿ ಎರಡೂ ಕೂಡಿದರೆ ಈ ಪ್ರಮಾಣ ಎರಡರಷ್ಟಕ್ಕಿಂತ ಮೇಲೇರುತ್ತದೆ. ನಿಕೋಟಿನ್ ಗಮ್, ಪ್ಯಾಚುಗಳು 2009ರಿಂದಲೂ ಅದರ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ಒಳಗೆ ಬಂದವರಿಗೆ ಚಿಕಿತ್ಸೆ ಎಲ್ಲರಂತೆಯೇ ಹಿಡಿಯುತ್ತದೆ ಎಂಬುದು ಅಮೆರಿಕದ ಅಧ್ಯಯನಗಳಿಂದ ತಿಳಿದಿದೆ. ಸಲಿಂಗಾಕರ್ಷಿತರೂ ಉಳಿದವರೂ ಒಂದೇ ಕಾರ್ಯಕ್ರಮಕ್ಕೆ ಸೇರಿದಾಗ ಬಿಟ್ಟವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗುಳಿಗೆಗೆ ಯಾರ ಸಂಗಾತಿ ಯಾರೆಂಬುದು ಬೇಕಿಲ್ಲವಲ್ಲ! ಆದ್ದರಿಂದ ಇವರಿಗಾಗಿ ಬೇರೆ ಮದ್ದು ಕಂಡುಹಿಡಿಯುವ ಗೊಡವೆ ಬೇಡ. ತೊಂದರೆ ಇರುವುದು ಬಾಗಿಲಲ್ಲಿ.

ಆ ಬಾಗಿಲಲ್ಲಿ ಮೊದಲು ಎದುರಾಗುವುದು ಸಂಸಾರ. ನಮ್ಮಲ್ಲಿ ಚಟ ಬಿಡಿಸುವ ಮಾತೆಲ್ಲ ಹೆಂಡತಿ ಮಕ್ಕಳ ಮೇಲೆ ನಿಂತಿದೆ. ಸಿನಿಮಾ ಶುರುವಾಗುವ ಮುಂಚೆ ತೋರಿಸುತ್ತಿದ್ದ ಸರ್ಕಾರಿ ಜಾಹೀರಾತನ್ನು ನೆನಪಿಸಿಕೊಳ್ಳಿ: ಅಪ್ಪ ಸಿಗರೇಟು ಸೇದುತ್ತಾನೆ, ಪುಟ್ಟ ಮಗಳು ನೋಡುತ್ತಾಳೆ, ಅಪ್ಪ ಸಿಗರೇಟು ಎಸೆಯುತ್ತಾನೆ, ಮಗಳು ಬಂದು ಪಕ್ಕದಲ್ಲಿ ಕೂರುತ್ತಾಳೆ. ಡಾಕ್ಟರೂ ಇದನ್ನೇ ಹೇಳುತ್ತಾರೆ, ‘ಮಕ್ಕಳ ಮುಖ ನೋಡಿಯಾದರೂ ಬಿಡ್ರೀ’. ಹದಿನಾರಕ್ಕೆ ಮನೆಯಿಂದ ಹೊರಬಿದ್ದು, ಹಿಜ್ರಾ ಗುರುವಿನ ಮನೆ ಸೇರಿ, ಹೆತ್ತವರ ಸಾವಿಗೂ ಊರಿನಿಂದ ಕರೆ ಬಾರದವಳ ಮುಂದೆ ಈ ಮಾತು ಆಡಿದರೆ ಏನಾಗಬಹುದು? ಅವಳು ಎದ್ದು ಹೋಗಿ ಇನ್ನೊಂದು ಹಚ್ಚುತ್ತಾಳೆ. ಮದುವೆಯ ಒತ್ತಾಯಕ್ಕೆ ಹೆದರಿಯೇ ಗಲ್ಫಿಗೆ ಹಾರಿದ ಹುಡುಗನಿಗೆ ‘ಮದುವೆ ಆಗಿದೆಯಾ?’ ಎಂಬುದು ಮೊದಲ ಪ್ರಶ್ನೆಯಾದರೆ, ಎರಡನೇ ಪ್ರಶ್ನೆಗೆ ಅವನು ಲೈನಿನಲ್ಲಿ ಇರುವುದಿಲ್ಲ.

ಇನ್ನೊಂದು ಗೋಡೆ ದನಿಯದು. ಫೋನಿನ ಆಚೆ ಕಡೆ ಮುಖ ಕಾಣದು. ಕಂಠ ಕೇಳಿ ‘ಹೇಳಿ ಸರ್’ ಎನ್ನುತ್ತಾರೆ. ಸೀರೆ ಉಟ್ಟು, ಹೆಸರು ಬದಲಿಸಿ, 2019ರ ಕಾಯ್ದೆಯಡಿ ಜಿಲ್ಲಾಧಿಕಾರಿಯಿಂದ ಗುರುತಿನ ಚೀಟಿ ಪಡೆದವಳಿಗೆ ಆ ಒಂದು ‘ಸರ್’ ಸಾಕು. ಸಲಹೆ ಕೊಡುವವರ ಕೆಟ್ಟತನವೇನೂ ಇದರಲ್ಲಿಲ್ಲ, ಅಭ್ಯಾಸದ ಬಲ. ‘ನಿಮ್ಮನ್ನು ಹೇಗೆ ಕರೆಯಲಿ?’ ಎಂದು ಕೇಳಲು ಮೂರು ಸೆಕೆಂಡು ಹಿಡಿಯುತ್ತದೆ. ಕನ್ನಡದ ‘ನೀವು’ ಗಂಡು ಹೆಣ್ಣೆಂದು ಭೇದ ಮಾಡದಿರುವುದು ಕೌನ್ಸೆಲರುಗಳಿಗೆ ಸಿಕ್ಕ ಪುಕ್ಕಟೆ ಅನುಕೂಲ.

ಮೂರನೆಯದು ಹಳೆಯ ಗಾಯ. ಕನ್ನಡದ ಕ್ವಿಟ್‌ಲೈನ್ ಇರುವುದು ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ. ಮಗನ ಒಲವು ‘ಸರಿ ಮಾಡಿಸಲು’ ಮನೋವೈದ್ಯರ ಬಳಿ, ಅದಕ್ಕೂ ಮುಂಚೆ ದೇವಸ್ಥಾನ, ದರ್ಗಾ, ಮಂತ್ರವಾದಿಗಳ ಬಳಿ ಎಳೆದೊಯ್ದ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಭಾರತೀಯ ಮನೋವೈದ್ಯರ ಸಂಘ ಇದು ಕಾಯಿಲೆಯಲ್ಲ ಎಂದು ಬಾಯಿಬಿಟ್ಟು ಹೇಳಿದ್ದು 2018ರಲ್ಲಿ. ‘ಪರಿವರ್ತನಾ ಚಿಕಿತ್ಸೆ’ ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ತಿಳಿಸಿದ್ದು, ಅದೂ ಮದ್ರಾಸ್ ಹೈಕೋರ್ಟು ಬೆನ್ನು ಹತ್ತಿದ ಮೇಲೆ, 2022ರಲ್ಲಿ. ಇಷ್ಟು ಇತ್ತೀಚಿನ ಮಾತು ಇದು. ಸಿಗರೇಟು ಬಿಡಿಸಲು ಹೊರಟವರು ಇನ್ನೇನನ್ನೋ ಬಿಡಿಸಲು ಬಂದಾರು ಎಂಬ ಗುಮಾನಿ ಅಕಾರಣವಲ್ಲ.

ಹೊಟ್ಟೆಪಾಡಿನ ಮಾತು ಬೇರೆ ಇದೆ. ಬಾಡಿಗೆ ಮನೆ ಸಿಗದೆ, ಪೊಲೀಸರ ಕಾಟ ತಪ್ಪದೆ ಬದುಕುವವರಿಗೆ ಇಪ್ಪತ್ತು ವರ್ಷದಾಚೆ ಬರುವ ಕ್ಯಾನ್ಸರ್ ದೂರದ ಬೆದರಿಕೆ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಹೊರತಂದ ವರದಿಗಳನ್ನು ಓದಿದವರಿಗೆ ಬೆಂಗಳೂರಿನ ಕೋತಿ (ಹೆಣ್ಣಿನ ಹಾವಭಾವದ ಗಂಡಸರು), ಹಿಜ್ರಾ ಸಮುದಾಯದವರು ದಿನಗಳನ್ನು ಹೇಗೆ ತಳ್ಳುತ್ತಿದ್ದರೆಂದು ಗೊತ್ತು. ಅಂದಿನಿಂದ ಬದಲಾವಣೆ ಆಗಿಲ್ಲವೆಂದಲ್ಲ. ಟ್ರಾನ್ಸ್‌ಜೆಂಡರ್‌ಗಳಿಗೆ ಮೈತ್ರಿ ಮಾಸಾಶನ ಬಂತು, 2017ರಲ್ಲಿ ರಾಜ್ಯದ ಟ್ರಾನ್ಸ್‌ಜೆಂಡರ್ ನೀತಿ ಬಂತು, 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇ 1ರ ಮೀಸಲಾತಿ ಬಂತು, ಟ್ರಾನ್ಸ್ ಕಲಾವಿದೆ ಜೋಗತಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ ಪದ್ಮಶ್ರೀ ಪಡೆದರು. ಆದರೆ ಹಕ್ಕಿನ ಹೋರಾಟದ ಬೇಡಿಕೆಪಟ್ಟಿಯಲ್ಲಿ ಬೀಡಿ ಸಿಗರೇಟು ಬರಲು ಜಾಗವೇ ಇರಲಿಲ್ಲ. ಅದನ್ನು ತಪ್ಪೆನ್ನುವಂತೆಯೂ ಇಲ್ಲ.

ಹಾಗಾದರೆ ಎಲ್ಲಿ ಏನು ಫಲಿಸಿತು? ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 1990ರ ದಶಕದ ಆರಂಭದಿಂದ ‘ದಿ ಲಾಸ್ಟ್ ಡ್ರ್ಯಾಗ್’ ಹೆಸರಿನಲ್ಲಿ ಸಮುದಾಯದವರೇ ಸಮುದಾಯದವರಿಗಾಗಿ ಪುಕ್ಕಟೆ ತರಗತಿ ನಡೆಸಿದರು. ಬಾರಿನ ಬದಲು ಕೂಡಲು ಒಂದು ಕೋಣೆ ಸಿಕ್ಕಿದ್ದೇ ಅದರ ದೊಡ್ಡ ಗುಣ. ಅಮೆರಿಕ ಸರ್ಕಾರ 2016ರಲ್ಲಿ 18ರಿಂದ 24 ವಯಸ್ಸಿನ ಎಲ್‌ಜಿಬಿಟಿ ಯುವಜನರಿಗೆಂದೇ ‘ದಿಸ್ ಫ್ರೀ ಲೈಫ್’ ಪ್ರಚಾರ ಹಮ್ಮಿಕೊಂಡಿತು. ಆಸ್ಟ್ರೇಲಿಯಾದಲ್ಲಿ ಏಡ್ಸ್ ಕಾಲದಲ್ಲಿ ಹುಟ್ಟಿದ ಏಕಾನ್ ಸಂಸ್ಥೆ ಸಲಿಂಗಾಕರ್ಷಿತ ಹೆಂಗಸರಿಗಾಗಿ ‘ಹೊಗೆ ಬಿಟ್ಟರೂ ಬೆಂಕಿ ಆರದು’ ಎಂಬ ಧಾಟಿಯ ಪ್ರಚಾರ ಮಾಡಿತು. ಇವೆಲ್ಲವೂ ಮಾಡಿದ್ದು ಒಂದೇ ಕೆಲಸ: ಹೆದರಿಸುವ ಬದಲು ಕರೆಯುವುದು.

ಇವನ್ನು ಹಾಗೇ ಎತ್ತಿ ತಂದು ಬೆಂಗಳೂರಿನಲ್ಲಿ ನೆಡಬೇಕೆಂಬುದು ಈ ಲೇಖನದ ವಾದವಲ್ಲ. ನಮ್ಮಲ್ಲೇ ಅದಕ್ಕಿಂತ ಒಳ್ಳೆಯ ಮಾದರಿ ಇದೆ, ಚಟ ಬಿಡಿಸುವವರ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಮೈಸೂರಿನ ಅಶೋದಯ ಸಮಿತಿಯನ್ನು ನೋಡಿ. 2004–05ರ ಹೊತ್ತಿಗೆ ಲೈಂಗಿಕ ವೃತ್ತಿಯ ಹೆಂಗಸರು, ಗಂಡಸರು, ಟ್ರಾನ್ಸ್‌ಜೆಂಡರ್‌ಗಳು ಸೇರಿ ಕಟ್ಟಿದ ಸಂಘ ಅದು. ಎಚ್‌ಐವಿ ತಡೆಗೆ ಕಾಂಡೋಮ್ ಹಂಚುವವರು, ಕ್ಲಿನಿಕ್ಕಿಗೆ ಕೈ ಹಿಡಿದು ಕರೆದೊಯ್ಯುವವರು ಎಲ್ಲ ಒಳಗಿನವರೇ. ಬಿಳಿ ಕೋಟಿನವರು ಹೋದರೆ ಓಡುತ್ತಿದ್ದವರು ಜೊತೆಗಾತಿ ಕರೆದಾಗ ಬಂದರು. ರಾಜ್ಯದ ಏಡ್ಸ್ ತಡೆ ಕಾರ್ಯಕ್ರಮ ಇಂಥ ‘ಪಿಯರ್’ ಕಾರ್ಯಕರ್ತರ ಮೇಲೆಯೇ ನಡೆಯಿತು. ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ಸಂಗಮ, ಆಮೇಲಿನ ಪಯಣ, ಜೀವ, ಒಂದೆಡೆ ಮೊದಲಾದ ಸಂಘಟನೆಗಳ ಕೂಡುಕೇಂದ್ರಗಳಲ್ಲಿ ಜನ ಹೇಗೂ ಬಂದು ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಆ ಚಹಾದ ಜೊತೆಗೆ ಬೀಡಿಯ ಮಾತೂ ಬರಬಹುದು. ಹೊಸ ಕಟ್ಟಡ ಬೇಡ, ಹೊಸ ಫಲಕ ಬೇಡ. ಇರುವ ಕಾರ್ಯಕರ್ತೆಗೆ ಎರಡು ದಿನದ ತರಬೇತಿ, ಕೈಯಲ್ಲೊಂದಿಷ್ಟು ನಿಕೋಟಿನ್ ಗಮ್ ಸಾಕು.

ಮಾತು ತೆಗೆಯಲು ಒಳ್ಳೆಯ ಗಳಿಗೆಗಳೂ ಇವೆ. ಎಚ್‌ಐವಿ ಇದ್ದವರು ತಿಂಗಳ ಮಾತ್ರೆಗೆ ಎಆರ್‌ಟಿ ಕೇಂದ್ರಕ್ಕೆ ತಪ್ಪದೆ ಬರುತ್ತಾರೆ. 2013ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು, ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಎಚ್‌ಐವಿ ಇದ್ದವರಿಗೆ ಆ ವೈರಸ್ಸು ಕಸಿಯುವ ಆಯಸ್ಸು 5.1 ವರ್ಷವಾದರೆ, ಧೂಮಪಾನ ಕಸಿಯುವುದು 12.3 ವರ್ಷ ಎಂದು ಲೆಕ್ಕ ಹಾಕಿತು. ವೈರಸ್ಸಿಗೆ ಹೆದರಿ ಮಾತ್ರೆ ನುಂಗುವವರು ಅದಕ್ಕಿಂತ ದೊಡ್ಡ ಶತ್ರುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರುತ್ತಾರೆ. ಮಾತ್ರೆ ಕೊಡುವ ಕಿಟಕಿಯಲ್ಲೇ ಒಂದು ಪ್ರಶ್ನೆ ಕೇಳಿದರೆ ಆಯಿತು. ಇನ್ನೊಂದು, ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ತಯಾರಾಗುವ ಹೊತ್ತು. ಹೊಗೆ ರಕ್ತನಾಳಗಳನ್ನು ಬಿಗಿಯುತ್ತದೆ, ಹೊಲಿಗೆ ಹಾಕಿದ ಜಾಗಕ್ಕೆ ರಕ್ತ ಸಾಲದೆ ಗಾಯ ಮಾಯಲು ತಡವಾಗುತ್ತದೆ. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮುಂಚೆ ಬಿಟ್ಟವರಲ್ಲಿ ತೊಡಕುಗಳು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಈಸ್ಟ್ರೋಜೆನ್ ತೆಗೆದುಕೊಳ್ಳುತ್ತಾ ಸಿಗರೇಟನ್ನೂ ಸೇದಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಕನಸು ಕಂಡು ಆಪರೇಷನ್ನಿಗೆ ಹೊರಟವಳಿಗೆ ‘ನಿನ್ನ ಗಾಯ ಚೆನ್ನಾಗಿ ಮಾಯಬೇಕಾದರೆ ಬಿಡು’ ಎಂಬ ಮಾತು ಮುಟ್ಟುವಷ್ಟು ಕ್ಯಾನ್ಸರಿನ ಚಿತ್ರ ಮುಟ್ಟುವುದಿಲ್ಲ. ಅದು ಅವಳದೇ ಮೈ, ಅವಳೇ ಆರಿಸಿಕೊಂಡ ಮೈ.

ಹಿಜ್ರಾ ಸಮುದಾಯದ ಗುರು–ಚೇಲಾ (ಶಿಷ್ಯೆ) ಪದ್ಧತಿಯನ್ನೂ ಮರೆಯಬಾರದು. ಹಮಾಮುಗಳಲ್ಲಿ ಗುರುವಿನ ಮಾತು ನಡೆಯುತ್ತದೆ. ಗುರು ಬಾಯಲ್ಲಿ ಜರ್ದಾ ಇಟ್ಟುಕೊಂಡೇ ಚೇಲಾಗಳಿಗೆ ಬುದ್ಧಿ ಹೇಳಿದರೆ ನಗೆಪಾಟಲು. ಗುರುವೇ ಮೊದಲು ಬಿಟ್ಟರೆ ಮನೆಗೆ ಮನೆಯೇ ಕದಲೀತು. ಸವದತ್ತಿ ಸೀಮೆಯಲ್ಲಿ ಯಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಂದಿರ ನಡುವೆಯೂ ಹಿರಿಯರ ಮೂಲಕವೇ ಹೋಗಬೇಕು. ಎಲೆ ಅಡಿಕೆ ಕೊಡುವುದು ಮರ್ಯಾದೆಯಾದ ನಾಡಿನಲ್ಲಿ ತಂಬಾಕನ್ನಷ್ಟೇ ಬೇರ್ಪಡಿಸಿ ಹೇಳುವ ಜಾಣ್ಮೆ ಹೊರಗಿನವರಿಗಿಂತ ಅವರಿಗೇ ಹೆಚ್ಚು.

ಇಲ್ಲೊಂದು ವಾದವಿದೆ, ಬಗೆಹರಿಯದ್ದು. ಕರೆ ಮಾಡಿದವರ ಲೈಂಗಿಕ ಒಲವನ್ನು ಕೇಳಿ ಬರೆದುಕೊಳ್ಳಬೇಕೆ? ಉತ್ತರ ಅಮೆರಿಕದ ಕ್ವಿಟ್‌ಲೈನ್‌ಗಳು ಕೇಳಬೇಕೆಂಬ ಕಡೆಗೆ ವಾಲಿವೆ. ಕೇಳದಿದ್ದರೆ ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ ಎಂದು ತಿಳಿಯುವುದು ಹೇಗೆ ಎನ್ನುತ್ತಾರೆ. ಮಾತು ಸರಿ. ಆದರೆ ನಮ್ಮಲ್ಲಿ ಒಲವಿನ ಪ್ರಶ್ನೆ ಬೇಡ, ಲಿಂಗದ ಕಾಲಮಿನಲ್ಲಿ ಮೂರನೆಯ ಆಯ್ಕೆ ಇರಲಿ, ಉಳಿದದ್ದನ್ನು ಅವರೇ ಹೇಳಿದರೆ ಕೇಳಿಸಿಕೊಳ್ಳುವ ಕಿವಿ ಇರಲಿ ಎಂಬುದು ಸದ್ಯಕ್ಕೆ ವಿವೇಕ. ಫೋನನ್ನು ಮನೆಯಲ್ಲಿ ನಾಲ್ಕು ಜನ ಮುಟ್ಟುವ ದೇಶ ಇದು. ಮರಳಿ ಕರೆ ಬಂದಾಗ ಅತ್ತಿಗೆ ಎತ್ತಿಕೊಂಡರೆ ‘ತಂಬಾಕು ಬಿಡುವ ಬಗ್ಗೆ’ ಎಂದಷ್ಟೇ ಹೇಳುವ ಎಚ್ಚರ ಬೇಕು.

ಮತ್ರಾದಂಥ ಕಡೆ ಇರುವವರಿಗೆ ಈ ಎಚ್ಚರ ಇನ್ನೂ ಹತ್ತು ಪಟ್ಟು. ಅಲ್ಲಿ ಸಂಘಟನೆ ಕಟ್ಟಿ ಎನ್ನುವುದು ಬೇಜವಾಬ್ದಾರಿ. ಭಾರತದ ಟೋಲ್‌ಫ್ರೀ ಸಂಖ್ಯೆ ಸಾಮಾನ್ಯವಾಗಿ ಹೊರದೇಶದಿಂದ ಸಿಗುವುದಿಲ್ಲ. ಉಳಿಯುವುದು ಎರಡು ದಾರಿ. ಮಸ್ಕತ್ತಿನ ರೂವಿ ಬಡಾವಣೆಯ ಕ್ಲಿನಿಕ್ಕುಗಳಲ್ಲಿ ಭಾರತದ ವೈದ್ಯರಿಗೆ ಕೊರತೆಯಿಲ್ಲ. ಸಿಗರೇಟು ಬಿಡಲು ನೆರವು ಬೇಕು ಎಂದಷ್ಟೇ ಕೇಳಿದರೆ ಸಾಕು, ಒಳಗುಟ್ಟು ಒಪ್ಪಿಸುವ ಅಗತ್ಯ ಯಾವ ಚಿಕಿತ್ಸೆಗೂ ಇಲ್ಲ. ಎರಡನೆಯದು ರಜೆ. ಮಸ್ಕತ್ತಿನಿಂದ ಮಂಗಳೂರಿಗೆ ಬಂದಿಳಿದು ಮನೆಯಲ್ಲಿ ಕಳೆಯುವ ತಿಂಗಳು ಹಳೆಯ ಕಟ್ಟೆ, ಹಳೆಯ ಜೊತೆ ಎರಡರಿಂದಲೂ ದೂರ ಇರುವ ತಿಂಗಳು. ಬಿಡುವ ತಾರೀಕು ಇಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ರಜೆಯಲ್ಲಿ ಕ್ವಿಟ್‌ಲೈನ್‌ಗೆ ಕರೆ ಮಾಡಬಹುದು, ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಬಹುದು. ಸುಂಕವಿಲ್ಲದ ಅಂಗಡಿಯಿಂದ ಕಾರ್ಟನ್‌ಗಟ್ಟಲೆ ಸಿಗರೇಟು ತಂದು ಊರವರಿಗೆ ಹಂಚುವ ಸಂಪ್ರದಾಯವನ್ನು ಮಾತ್ರ ಆ ಸಲಕ್ಕೆ ಕೈಬಿಡಬೇಕು. ಮಸ್ಕತ್ತಿನ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆ ಆರೋಗ್ಯ ಶಿಬಿರ ಮಾಡುವಾಗ ಸಕ್ಕರೆ, ರಕ್ತದೊತ್ತಡದ ಪಕ್ಕದಲ್ಲಿ ತಂಬಾಕಿಗೂ ಒಂದು ಮೇಜು ಹಾಕಲಿ, ಯಾರನ್ನೂ ಬೇರೆ ಏನೂ ಕೇಳದ ಮೇಜು.

ಕರ್ನಾಟಕ ಸರ್ಕಾರ ಈಚೆಗೆ ಕೈಗೊಂಡದ್ದೆಲ್ಲ ಬಿಗಿಯ ಕ್ರಮಗಳು. ಹುಕ್ಕಾ ಬಾರುಗಳಿಗೆ ನಿಷೇಧ, ತಂಬಾಕು ಕೊಳ್ಳಲು 21 ವಯಸ್ಸು, ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000ಕ್ಕೆ; ಇವನ್ನು ತಂದ 2024ರ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ಕೊನೆಯಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ಮನೆಯೊಳಗೆ ಜಾಗವಿಲ್ಲದೆ ಬೀದಿಯಲ್ಲೇ ಬದುಕುವವರ ಮೇಲೆ ಈ ದಂಡದ ಭಾರ ಹೆಚ್ಚು ಬೀಳುತ್ತದೆ. ಪೊಲೀಸಿನವನಿಗೆ ಕೈ ತೋರಿಸಲು ಇನ್ನೊಂದು ಕಲಮು ಸಿಕ್ಕಿತು ಎಂದು ಅವರು ಭಾವಿಸಿದರೆ ಆಶ್ಚರ್ಯವಿಲ್ಲ. ದಂಡದ ರಸೀದಿಯ ಹಿಂದೆ ಸಹಾಯವಾಣಿಯ ಸಂಖ್ಯೆ ಅಚ್ಚು ಹಾಕಿಸುವುದು, ಏಡ್ಸ್ ತಡೆ ಸಂಸ್ಥೆಯ ಕಾರ್ಯಕರ್ತರಿಗೂ ತಂಬಾಕು ನಿಯಂತ್ರಣ ಘಟಕಕ್ಕೂ ಒಂದೇ ಮೇಜಿನಲ್ಲಿ ಮಾತುಕತೆ ಮಾಡಿಸುವುದು, ಮುಂದಿನ ತಂಬಾಕು ಸಮೀಕ್ಷೆಯ ಹಾಳೆಯಲ್ಲಿ ನಾಲ್ಕನೆಯ ಖಾನೆ ಕೇಳುವುದು, ಈ ಮೂರಕ್ಕೂ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.

ಬಿಡಬೇಕೆಂದು ಮನಸ್ಸಿದ್ದವರು ಅಲ್ಲಿಯವರೆಗೆ ಕಾಯಬೇಕಾದ್ದಿಲ್ಲ. ಕ್ವಿಟ್‌ಲೈನ್ ಸಂಖ್ಯೆ 1800-11-2356. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಖರ್ಚಿಲ್ಲ, ಕನ್ನಡದಲ್ಲಿ. ರಾತ್ರಿ ಹೊತ್ತು ಮನಸ್ಸು ಕುಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಇದೆ. ಯಾವ ಹೆಸರಿನಿಂದ ಕರೆಸಿಕೊಳ್ಳಬೇಕೋ ಆ ಹೆಸರನ್ನೇ ಹೇಳಿ. ‘ಸರ್’ ಎಂದರೆ ತಿದ್ದಿ, ಫೋನು ಇಡಬೇಡಿ.